ಬೆಂಕಿಗೆರೆಯ ಕಿರ್ದಿ

ಹತ್ತನೇ ಇಯತ್ತೆ ಪಾಸಾದವ ನಾನೊಬ್ಬನೇ ಎಂದು
ಅರಣ್ಯ ಸಮಿತಿಯ ಕಿರ್ದಿ ನನ್ನ ಕೈಗೆ ಬಂತು.
ಖಾನಾಪುರದ ಪೇಟೆಯಲ್ಲಿ ಕೊಂಡ ಕೆಂಪು ರಟ್ಟಿನ ಉದ್ದ ವಹಿ,
ಎಡಕ್ಕೆ ಜಮಾ, ಬಲಕ್ಕೆ ಖರ್ಚು.
ಎಡಗಡೆಯ ಹಾಳೆಗಳು ಬಹುತೇಕ ಹೊಸವೇ.

ದೀಪಾವಳಿ ಮುಗಿದ ವಾರ ಅರ್ಜಿ ಬರೆದಿದ್ದೆ:
ನಮ್ಮ ವಾಡೆಗೆ ಮೂವತ್ತೊಂದು ಮನೆ,
ಗವಳಿಗರವು ಹತ್ತೊಂಬತ್ತು, ಸಿದ್ದಿಯರವು ಹನ್ನೆರಡು,
ಎಮ್ಮೆ ಇನ್ನೂರು ಚಿಲ್ಲರೆ,
ಮೂರು ಕಡೆ ಕಾಡು, ಒಂದು ಕಡೆ ಹಳ್ಳ,
ಅದೂ ಶಿವರಾತ್ರಿಗೆ ಬತ್ತುತ್ತದೆ.
ನಾಲ್ಕು ಕಿಲೋಮೀಟರು ಗೆರೆ ಸವರಬೇಕು. ಹದಿನಾಲ್ಕು ಆಳು,
ಕುಡಗೋಲು, ಬ್ಯಾಟರಿ, ಬೆನ್ನಿಗೆ ಕಟ್ಟುವ ನೀರಿನ ಡಬ್ಬಿ,
ಕಾಲಿಗೆ ಬೂಟು.
ಬೂಟು ಎಂಬುದನ್ನು ಸಾಹೇಬರು ನಗುತ್ತ ಹೊಡೆದುಹಾಕಿದರು.

ಅರ್ಜಿ ಬೆಳಗಾವಿಗೆ ಹೋಯಿತು,
ಅಲ್ಲಿಂದ ಎತ್ತಲೋ.
ಇಲ್ಲಿ ಮತ್ತಿಯ ಎಲೆ ಉದುರಿತು.
ಕರಡ ಸೊಂಟದವರೆಗೆ ಬೆಳೆದು ಒಣಗಿ ನಿಂತಿತು,
ಎಮ್ಮೆ ನಡೆದರೆ ಹಪ್ಪಳ ಮುರಿದ ಸಪ್ಪಳ.

ಸೋಮವಾರಕ್ಕೊಮ್ಮೆ
ಸಿಗ್ನಲ್ಲಿಗಾಗಿ ಬಂಡೆ ಹತ್ತಿ ಫೋನು ಮಾಡುತ್ತಿದ್ದೆ.
'ಮಂಜೂರಾಗಿದೆ, ಬಿಡುಗಡೆಯಾಗಿಲ್ಲ.'
ಈ ಎರಡು ಮಾತಿನ ನಡುವೆ ಏನಿದೆಯೆಂದು
ಭಾಗಾಬಾಯಿಗೆ ಹೇಗೆ ತಿಳಿಸಲಿ?
'ಎಮ್ಮಿ ಗಬ್ಬ ಐತಿ, ಇನ್ನೂ ಈದಿಲ್ಲ ಅನ್ನು,' ಎಂದಳು ಅವಳೇ.

ಆಮೇಲೆ ಅಟ್ಟದಿಂದ ತುಪ್ಪದ ಡಬ್ಬಿ ಇಳಿಸಿದಳು.
ತುಪ್ಪ ಇರಲಿಲ್ಲ. ಸುರುಳಿ ಸುತ್ತಿದ ನೋಟು,
ತುಪ್ಪದ ವಾಸನೆಯ ಒಂಬತ್ತು ಸಾವಿರ.
'ಬರಕೋ ಇನಾಸ. ಸರಕಾರ ಕೊಟ್ಟಾಗ ಕೊಡಲಿ.
ಬೆಂಕಿ ಏನು ಟಪಾಲಿನ ದಾರಿ ಕಾಯತೈತೇನು?'

ಗೆರೆ ಸವರಿದೆವು.
ಮೂರು ಮೀಟರು ಅಗಲ, ಮಣ್ಣು ಕಾಣುವ ತನಕ.
ಮುಂದೆ ಕುಡಗೋಲು ಹಿಡಿದ ಸಂತಾನ,
ಹಿಂದೆ ಕಸಬರಿಗೆ ಹಿಡಿದ ಧೋಂಡು ಜೋರೆಯ ಸೊಸೆ,
ಕಾಡಿನ ತಲೆಗೆ ಬೈತಲೆ ತೆಗೆದ ಹಾಗೆ.
ಆಳಿಗೆ ಮುನ್ನೂರು. ಆರು ಜನ, ಐದು ದಿನ, ರೊಕ್ಕ ತೀರಿತು.
ಇನ್ನೆರಡು ದಿನ ಪುಕ್ಕಟೆ ದುಡಿದು
ಒಂದು ನೇರಳೆ ಮರದ ಬುಡಕ್ಕೆ ಮುಟ್ಟಿದೆವು.
ಅದರಾಚೆ, ಮನೆಯಲ್ಲಿ ಹಿಟ್ಟು ಕೇಳುವವರಿದ್ದರು.

ಬೆಂಕಿ ಬಂದದ್ದು ಹೋಳಿ ಕಳೆದ ಮೂರನೇ ರಾತ್ರಿ.
ಗೆರೆ ದಾಟಲಿಲ್ಲ, ದೇವರಾಣೆ ದಾಟಲಿಲ್ಲ.
ಬಾಗಿಲು ಹುಡುಕುವವನಂತೆ ಗೆರೆಗುಂಟ ನಡೆಯಿತು.
ಈಚೆ ಬದಿಗೆ ನಾವು, ಹಸಿ ಟೊಂಗೆ ಹಿಡಿದು, ಜೊತೆಜೊತೆಗೆ,
ಬೀಗರನ್ನು ಊರ ಗಡಿಯವರೆಗೆ ಕಳಿಸಲು ಹೊರಟವರಂತೆ.
ನೇರಳೆ ಮರದ ಹತ್ತಿರ
ಅದಕ್ಕೆ ಬಾಗಿಲು ಸಿಕ್ಕಿತು.

ಹೋದದ್ದು: ಗುಡ್ಡದ ಕರಡ ಅಷ್ಟೂ, ಎರಡು ಕೊಟ್ಟಿಗೆ,
ಬುಟ್ಟಿ ಹೆಣೆಯುವವರ ಬಿದಿರು ಮೆಳೆ,
ಸಂತಾನನ ಬಲ ಅಂಗಾಲಿನ ಚರ್ಮ.

ರೊಕ್ಕ ಬಂತು. ಮಾರ್ಚ್ ಮೂವತ್ತರ ಸಂಜೆ,
ಮೊಬೈಲಿನಲ್ಲಿ ಟಿಂಗ್ ಎಂದು, ಅರವತ್ತೆರಡು ಸಾವಿರ.
ಬೆನ್ನಿಗೇ ಸಾಹೇಬರ ಫೋನು:
'ನಾಳೆಯೊಳಗ ಖರ್ಚು ತೋರಿಸು, ಇಲ್ಲಾಂದ್ರ ವಾಪಸ್ ಹೋಗತೈತಿ.
ಬಿಲ್ಲಿಗೆ ಫೆಬ್ರುವರಿ ತಾರೀಖು ಹಾಕು.'
ಕೆಟ್ಟ ಮನುಷ್ಯನಲ್ಲ. ಆ ರಾತ್ರಿ ಅವರೂ ಟೊಂಗೆ ಹಿಡಿದಿದ್ದರು,
ಅರ್ಧ ಮೀಸೆ ಸುಟ್ಟುಕೊಂಡಿದ್ದರು.

ಬಲ್ಬಿನ ಕೆಳಗೆ ಬೆಳಗಿನ ತನಕ ಕೂತೆ.
ಬೂದಿಯ ಮೇಲೆ ಯಾವ ಗೆರೆ ಸವರಿದೆನೆಂದು ಬರೆಯಲಿ?
ಭಾಗಾಬಾಯಿಯ ಸಾಲ ತೀರಿಸಲು ನಮೂನೆಯಲ್ಲಿ ಅಂಕಣವಿಲ್ಲ,
ತುಪ್ಪದ ಡಬ್ಬಿ ಸರಕಾರಕ್ಕೆ ಗೊತ್ತಿರುವ ಬ್ಯಾಂಕಲ್ಲ.
ಕಡೆಗೆ ಬರೆದೆ: ಆರು ಆಳು, ಐದು ದಿನ,
ಅವರು ದುಡಿದ ದಿನದ ತಾರೀಖು ಹಾಕಿ.
ಮೊದಲ ಬಸ್ಸಿಗೆ ಖಾನಾಪುರಕ್ಕೆ ಹೋಗಿ
ಹದಿನಾಲ್ಕು ಜೊತೆ ಬೂಟು ತಂದು ರಸೀದಿ ಅಂಟಿಸಿದೆ.
ಸಾಹೇಬರು ಈ ಸಲ ಹೊಡೆದುಹಾಕಲಿಲ್ಲ.
ಉಳಿದದ್ದು ಬಂದ ದಾರಿಯಲ್ಲೇ ಹೋಯಿತು.

ಈಗ ನೇರಳೆ ಮರದ ಬುಡದಲ್ಲಿ ಒಂದು ಕಲ್ಲಿದೆ,
ಸುಣ್ಣ ಬಳಿದು ಭಾಗಾಬಾಯಿ ನಿಲ್ಲಿಸಿದ್ದು.
ಬರುವ ವರ್ಷ ಕೆಲಸ ಇಲ್ಲಿಂದ, ಎಂದಿದ್ದಾಳೆ,
ಗಬ್ಬದ ಎಮ್ಮೆ ಈಯಲಿ, ಬಿಡಲಿ.

ಸಂತಾನ ಕಟ್ಟೆಯ ಮೇಲೆ ಕೂತು
ತನ್ನ ಜೊತೆ ಬೂಟು ಹಾಕಿ ನೋಡಿದ.
ಎಡಗಾಲಿಗೆ ಸರಿಯಾಯಿತು.